ಸಂಬಳ, ಕೂಲಿ, ಗೌರವಧನ: ಕಾಗದದ ಮೇಲಿನ ಪದ ಬದಲಾದರೆ ಕೈಗೆ ಬರುವ ದುಡ್ಡೂ ಬದಲಾಗುತ್ತದೆ

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ದೇಶದಲ್ಲಿ ಜಾರಿಗೆ ಬಂದವು. ಅಲ್ಲಿಂದ ಸಂಬಳದಾರರು ಕೇಳುತ್ತಿರುವುದು ಒಂದೇ ಪ್ರಶ್ನೆ: ತಿಂಗಳ ಕೊನೆಗೆ ಕೈಗೆ ಬರುವುದು ಕಡಿಮೆಯಾಗುತ್ತದಾ? ಇದಕ್ಕೆ ಉತ್ತರ ಇರುವುದು 'ವೇಜಸ್' ಎಂಬ ಒಂದೇ ಇಂಗ್ಲಿಷ್ ಪದದ ವ್ಯಾಖ್ಯೆಯಲ್ಲಿ. ಸಂಬಳಕ್ಕೆ ಸಂಬಂಧಿಸಿದ ಕಾಗದಗಳಲ್ಲಿ ಸ್ಯಾಲರಿ, ಪೇ, ರೆಮ್ಯೂನರೇಶನ್, ಅಲವೆನ್ಸ್ ಎಂಬ ಪದಗಳೂ ಇರುತ್ತವೆ. ಎಲ್ಲವನ್ನೂ 'ಸಂಬಳ' ಅಂತಲೇ ಓದಿಕೊಂಡರೆ ಲೆಕ್ಕ ತಪ್ಪುತ್ತದೆ.

ತಪ್ಪುವುದಕ್ಕೆ ನಮ್ಮ ಭಾಷೆಯ ಅಭ್ಯಾಸವೂ ಒಂದು ಕಾರಣ. ಕನ್ನಡದ 'ವೇತನ' ಬಹಳ ಧಾರಾಳಿ. ವೇತನ ಆಯೋಗ, ಕನಿಷ್ಠ ವೇತನ, ವಿದ್ಯಾರ್ಥಿವೇತನ, ನಿವೃತ್ತಿ ವೇತನ, ವಿಧವಾ ವೇತನ, ಎಲ್ಲಕ್ಕೂ ಅದೇ ಪದ. ಇಂಗ್ಲಿಷಿನಲ್ಲಿ ಇವು ಕ್ರಮವಾಗಿ ಪೇ, ವೇಜ್, ಸ್ಕಾಲರ್‌ಶಿಪ್, ಪೆನ್ಶನ್, ಮತ್ತೆ ಪೆನ್ಶನ್. ಒಂದು ದುಡಿಮೆಗೆ ಬದಲಾಗಿ ಬರುವ ಹಣ, ಇನ್ನೊಂದು ಓದಿಗೆ ಸಿಗುವ ನೆರವು, ಮತ್ತೊಂದು ಹಿಂದೆ ದುಡಿದದ್ದರ ಪಾಲು, ಕೊನೆಯದು ಆಸರೆ ಇಲ್ಲದವರಿಗೆ ಸರ್ಕಾರ ಕೊಡುವ ಸಹಾಯ. ಕಾನೂನು ಈ ನಾಲ್ಕನ್ನೂ ಬೇರೆ ಬೇರೆ ಕಪಾಟಿನಲ್ಲಿ ಇಡುತ್ತದೆ.

## ಪೇ ಮತ್ತು ಪಗಾರ

ಇವುಗಳಲ್ಲಿ ಹೆಚ್ಚು ಸಡಿಲವಾದ ಪದ 'ಪೇ'. ಕೆಲಸಕ್ಕೆ ಕೊಡುವ ಯಾವ ಹಣವನ್ನಾದರೂ ಹಾಗೆನ್ನಬಹುದು. ಇದರ ಮೂಲ ಲ್ಯಾಟಿನ್ನಿನ 'ಪಾಕಾರೆ', ಅಂದರೆ ಸಮಾಧಾನಪಡಿಸುವುದು. ಸಾಲ ಕೊಟ್ಟವನನ್ನು ಹಣ ಕೊಟ್ಟು ಸುಮ್ಮನಾಗಿಸುವುದು. ಅದೇ ಲ್ಯಾಟಿನ್ ಪದ ಪೋರ್ಚುಗೀಸಿನಲ್ಲಿ 'ಪಗಾರ್' ಆಯಿತು, ಪಶ್ಚಿಮ ಕರಾವಳಿಯಲ್ಲಿ ಇಳಿಯಿತು, ಉತ್ತರ ಕರ್ನಾಟಕದಲ್ಲಿ 'ಪಗಾರ' ಆಗಿ ಉಳಿಯಿತು. 'ಪಗಾರ ಆತೇನ್ರಿ?' ಎಂದು ಕೇಳುವವರು ಇಂಗ್ಲಿಷಿನ ಪೇ ಪದದ ಸೋದರಸಂಬಂಧಿಯನ್ನೇ ಬಳಸುತ್ತಿದ್ದಾರೆ.

ಸರ್ಕಾರಿ ನೌಕರಿಯಲ್ಲಿ ಮಾತ್ರ 'ಪೇ' ಸಡಿಲವಲ್ಲ. ಅಲ್ಲಿ ಅದು ಮುಖ್ಯವಾಗಿ ಮೂಲ ವೇತನ. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಅದರ ಮೇಲೆ ಬರುತ್ತವೆ. ಕರ್ನಾಟಕದ 7ನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದಾಗ ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿಗೆ ಏರಿತು. 'ಶೇ 58.5 ಏರಿಕೆ' ಎಂದು ಕೇಳಿದವರು ಹೌಹಾರಿದ್ದುಂಟು. ಆದರೆ ಅದರಲ್ಲಿ ಶೇ 31ರಷ್ಟು ಹಳೆಯ ತುಟ್ಟಿಭತ್ಯೆಯನ್ನೇ ಮೂಲ ವೇತನದೊಳಗೆ ಸೇರಿಸಿದ್ದು. ಹೊಸದಾಗಿ ಕೊಟ್ಟ ಏರಿಕೆ, ಅಂದರೆ ಫಿಟ್‌ಮೆಂಟ್ ಶೇ 27.5 ಮಾತ್ರ. 'ಪೇ' ಏರಿದಷ್ಟು ಒಟ್ಟು ಸಂಬಳ ಏರುವುದಿಲ್ಲ.

ಒಟ್ಟು ಮೊತ್ತಕ್ಕೆ ಸರ್ಕಾರಿ ಕಾಗದಗಳಲ್ಲಿ 'ಎಮಾಲ್ಯುಮೆಂಟ್ಸ್' ಎಂಬ ಭಾರಿ ಪದ ಬರುತ್ತದೆ. ಇದರ ಬೇರು ಹಿಟ್ಟು ಬೀಸುವುದಕ್ಕೆ ಗಿರಣಿಯವನಿಗೆ ಕೊಡುತ್ತಿದ್ದ ಹಣ ಇರಬಹುದೆಂದು ನಿಘಂಟುಕಾರರು ಊಹಿಸುತ್ತಾರೆ. ಪದ ಈಗ ಕಚೇರಿಗೆ ಬಂದು ಗಂಭೀರವಾಗಿ ಕೂತಿದೆ.

## ಕೂಲಿಯೋ, ಸಂಬಳವೋ?

ದಿನಬಳಕೆಯ ಇಂಗ್ಲಿಷಿನಲ್ಲಿ ಗಂಟೆ, ದಿನ ಅಥವಾ ಮಾಡಿದ ಮಾಲಿನ ಲೆಕ್ಕದಲ್ಲಿ ಕೊಟ್ಟರೆ ವೇಜ್. ವರ್ಷಕ್ಕೆ ಇಷ್ಟೆಂದು ನಿಗದಿ ಮಾಡಿ ತಿಂಗಳು ತಿಂಗಳು ಹಂಚಿದರೆ ಸ್ಯಾಲರಿ. ನಮ್ಮ ಕೂಲಿ ಮತ್ತು ಸಂಬಳದ ನಡುವಿನ ಗೆರೆಯೂ ಹೆಚ್ಚುಕಡಿಮೆ ಅದೇ. ಗಾರೆ ಕೆಲಸದವರು ರಜೆ ಹಾಕಿದ ದಿನ ಕೂಲಿ ಇಲ್ಲ. ಬ್ಯಾಂಕಿನ ಗುಮಾಸ್ತರಿಗೆ ಭಾನುವಾರಕ್ಕೂ ಸಂಬಳ ಸೇರಿರುತ್ತದೆ.

ಸ್ಯಾಲರಿ ಪದ ಲ್ಯಾಟಿನ್ನಿನ ಉಪ್ಪು ಎಂಬ ಪದದಿಂದ ಬಂದದ್ದು ನಿಜ. ರೋಮನ್ ಸೈನಿಕರಿಗೆ ಉಪ್ಪನ್ನೇ ಸಂಬಳವಾಗಿ ಅಳೆದು ಕೊಡುತ್ತಿದ್ದರು ಎಂಬ ಕಥೆಗೆ ಮಾತ್ರ ಗಟ್ಟಿ ಆಧಾರವಿಲ್ಲ. ನಮ್ಮ 'ಸಂಬಳ' ಬಂದದ್ದು 'ಶಂಬಲ'ದಿಂದ, ಅಂದರೆ ದಾರಿಗೆ ಕಟ್ಟಿಕೊಡುವ ಬುತ್ತಿ.

ದಿನಗೂಲಿಯನ್ನು ತಿಂಗಳ ಲೆಕ್ಕಕ್ಕೆ ತರುವಾಗ ಸಾಮಾನ್ಯವಾಗಿ ನಡೆಯುವ ಎಡವಟ್ಟು ಒಂದಿದೆ. ಕನಿಷ್ಠ ಕೂಲಿಯ ಲೆಕ್ಕದಲ್ಲಿ ತಿಂಗಳಿಗೆ 26 ದಿನ ಹಿಡಿಯುವುದು ವಾಡಿಕೆ, ಯಾಕೆಂದರೆ ವಾರದ ರಜೆಯ ಕೂಲಿ ತಿಂಗಳ ದರದಲ್ಲೇ ಸೇರಿರುತ್ತದೆ. ತಿಂಗಳಿಗೆ 15,600 ರೂಪಾಯಿ ಎಂದಿದ್ದರೆ ದಿನಕ್ಕೆ 600. ಅದನ್ನೇ ಮೇಸ್ತ್ರಿ 30ರಿಂದ ಭಾಗಿಸಿದರೆ 520. ದಿನಕ್ಕೆ 80 ರೂಪಾಯಿ ಹೋಯಿತು, ಕೇಳಿದರೆ 'ಲೆಕ್ಕ ಸರಿಯಾಗೇ ಇದೆ' ಎನ್ನುತ್ತಾರೆ.

ಕೊಡಬೇಕಾದ ಗಡುವೂ ಬೇರೆ ಬೇರೆ. ಆ ನಾಲ್ಕರಲ್ಲಿ ಒಂದಾದ ವೇತನ ಸಂಹಿತೆಯ ಪ್ರಕಾರ ದಿನಗೂಲಿಯವರಿಗೆ ಪಾಳಿ ಮುಗಿಯುವಾಗ, ವಾರದ ಬಟವಾಡೆಯವರಿಗೆ ವಾರದ ಕೊನೆಯ ಕೆಲಸದ ದಿನ, ತಿಂಗಳ ಸಂಬಳದವರಿಗೆ ಮುಂದಿನ ತಿಂಗಳ 7ನೇ ದಿನ ಮುಗಿಯುವುದರೊಳಗೆ ಕೊಡಬೇಕು. ಕೆಲಸ ಬಿಟ್ಟರೆ ಅಥವಾ ಬಿಡಿಸಿದರೆ ಬಾಕಿ ವೇಜಸ್ ಎರಡು ಕೆಲಸದ ದಿನಗಳಲ್ಲಿ ಕೈಸೇರಬೇಕು.

## ಕಾನೂನಿನ 'ವೇಜಸ್': ಅರ್ಧದ ನಿಯಮ

ಇಲ್ಲಿ ಗೊಂದಲ ಶುರುವಾಗುತ್ತದೆ. ಮಾತಿನಲ್ಲಿ ವೇಜ್ ಅಂದರೆ ಕೂಲಿಯಾದರೂ ಕಾನೂನಿನಲ್ಲಿ 'ವೇಜಸ್' ತಿಂಗಳ ಸಂಬಳದವರಿಗೂ ಅನ್ವಯ. ಪಿಎಫ್ (ಭವಿಷ್ಯ ನಿಧಿ), ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಸಿಗುವ ಇಡಿಗಂಟು) ಮೊದಲಾದವು ನಿಲ್ಲುವುದು ಈ ಅಡಿಪಾಯದ ಮೇಲೆ. ಅಡಿಪಾಯ ಚಿಕ್ಕದಾದಷ್ಟೂ ಮಾಲೀಕರ ಖರ್ಚು ಕಡಿಮೆ. ಹಾಗಾಗಿಯೇ ಎಷ್ಟೋ ಕಡೆ ಬೇಸಿಕ್ (ಮೂಲ ವೇತನ) ಸಣ್ಣದಾಗಿಟ್ಟು ಉಳಿದದ್ದನ್ನು ಭತ್ಯೆಗಳಲ್ಲಿ ತುಂಬುತ್ತಿದ್ದರು.

ಹೊಸ ವ್ಯಾಖ್ಯೆಯಲ್ಲಿ ಬೇಸಿಕ್, ತುಟ್ಟಿಭತ್ಯೆ, ರಿಟೇನಿಂಗ್ ಭತ್ಯೆ (ಕೆಲಸವಿಲ್ಲದ ಹಂಗಾಮಿನಲ್ಲಿ ಕಾರ್ಮಿಕರನ್ನು ಉಳಿಸಿಕೊಳ್ಳಲು ಕೊಡುವುದು) ಖಂಡಿತ ವೇಜಸ್. ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಓವರ್‌ಟೈಮ್, ಕಮಿಷನ್, ಮಾಲೀಕರ ಪಿಎಫ್ ಪಾಲು ಮುಂತಾದವು ಹೊರಗೆ. ಆದರೆ ಹೊರಗಿಟ್ಟವುಗಳ ಮೊತ್ತ, ಕೆಲಸಕ್ಕೆ ಸಿಗುವ ಎಲ್ಲ ಹಣ ಅಂದರೆ ಒಟ್ಟು ರೆಮ್ಯೂನರೇಶನ್‌ನ ಅರ್ಧ ದಾಟಿದರೆ, ದಾಟಿದಷ್ಟನ್ನು ಮತ್ತೆ ವೇಜಸ್‌ಗೆ ಸೇರಿಸಬೇಕು.

ಒಂದು ಲೆಕ್ಕ ಹಾಕಿ ನೋಡೋಣ. ಒಟ್ಟು 40,000. ಅದರಲ್ಲಿ ಬೇಸಿಕ್ ಮತ್ತು ತುಟ್ಟಿಭತ್ಯೆ 15,000, ಮನೆ ಬಾಡಿಗೆ ಭತ್ಯೆ 15,000, ಪ್ರಯಾಣ ಭತ್ಯೆ 6,000, ಕಮಿಷನ್ 4,000. ಹೊರಗಿಟ್ಟದ್ದು 25,000. ಅರ್ಧ ಅಂದರೆ 20,000. ಹೆಚ್ಚಾದ 5,000 ಒಳಗೆ ಬಂತು, ಈಗ ವೇಜಸ್ 20,000.

ಪರಿಣಾಮ ಎಲ್ಲಿ? ಗ್ರಾಚ್ಯುಟಿ ಸೂತ್ರ: ಕೊನೆಯ ತಿಂಗಳ ವೇಜಸ್ ಗುಣಿಸು 15, ಭಾಗಿಸು 26, ಗುಣಿಸು ಸೇವೆಯ ವರ್ಷ. ಹತ್ತು ವರ್ಷಕ್ಕೆ 15,000ದ ಮೇಲೆ 86,538 ರೂಪಾಯಿ, 20,000ದ ಮೇಲೆ 1,15,385. ಸುಮಾರು 29,000ದ ವ್ಯತ್ಯಾಸ, ಅದೂ ಸಂಬಳದಲ್ಲಿ ಒಂದು ರೂಪಾಯಿ ಏರದೆ.

ಇನ್ನು ಟೇಕ್ ಹೋಮ್, ಅಂದರೆ ಕೈಗೆ ಬರುವ ದುಡ್ಡಿನ ಪ್ರಶ್ನೆ. ಪಿಎಫ್ ಕಡಿತ ಶೇ 12. ಕಡ್ಡಾಯ ಕಡಿತಕ್ಕೆ 15,000 ರೂಪಾಯಿಯ ಮಿತಿ ಇದೆ, ಅದರ ಶೇ 12 ಅಂದರೆ 1,800. ನಿಮ್ಮ ಕಂಪನಿ ಈ ಮಿತಿಗೇ ನಿಂತು 1,800 ಹಿಡಿಯುತ್ತಿದ್ದರೆ ವೇಜಸ್ ಏರಿದರೂ ಕಡಿತ ಏರಬೇಕಿಲ್ಲ, ಕೈಗೆ ಬರುವುದೂ ಇಳಿಯುವುದಿಲ್ಲ. ಪೂರ್ತಿ ವೇಜಸ್ ಮೇಲೆ ಹಿಡಿಯುವ ಕಂಪನಿಯಾದರೆ 20,000ದ ಶೇ 12, ಅಂದರೆ 2,400. ತಿಂಗಳಿಗೆ 600 ಕಡಿಮೆ ಕೈಗೆ ಬರುತ್ತದೆ. ಆ 600 ಎಲ್ಲೂ ಹೋಗಿಲ್ಲ, ಪಿಎಫ್ ಖಾತೆಯಲ್ಲಿದೆ. ಬಾಡಿಗೆ ಕಟ್ಟುವ ದಿನ ಅದು ಸಮಾಧಾನ ಕೊಡುವುದಿಲ್ಲ ಅನ್ನುವುದೂ ನಿಜವೇ.

'ಸ್ಪೆಷಲ್ ಅಲವೆನ್ಸ್' ಎಂಬ ಸಾಲಿನ ಮೇಲೂ ಕಣ್ಣಿರಲಿ. ಹೊರಗಿಡಬೇಕಾದವುಗಳ ಪಟ್ಟಿಯಲ್ಲಿ ಆ ಹೆಸರಿಲ್ಲ, ಹಾಗಾಗಿ ಅದು ವೇಜಸ್ ಲೆಕ್ಕದೊಳಗೇ ಬರುತ್ತದೆ.

## ಸಿಟಿಸಿ, ಗ್ರಾಸ್, ನೆಟ್

ಆಫರ್ ಲೆಟರಿನಲ್ಲಿ ವರ್ಷಕ್ಕೆ 6 ಲಕ್ಷ ಸಿಟಿಸಿ ಎಂದಿದೆ, ಅಂದರೆ ತಿಂಗಳಿಗೆ 50,000. ಸಿಟಿಸಿ ನಿಮ್ಮ ಸಂಬಳವಲ್ಲ. ನಿಮ್ಮನ್ನು ಇಟ್ಟುಕೊಳ್ಳಲು ಕಂಪನಿಗೆ ತಗಲುವ ಖರ್ಚು. ಅದರಲ್ಲಿ ಮಾಲೀಕರ ಪಿಎಫ್ ಪಾಲು 1,800, ಗ್ರಾಚ್ಯುಟಿಗೆ ಎತ್ತಿಟ್ಟದ್ದು ಸುಮಾರು 1,200 ಎಂದುಕೊಳ್ಳಿ. ಎರಡನ್ನೂ ಕಳೆದರೆ 47,000. ಇದು ಗ್ರಾಸ್. ಇದರಿಂದ ನಿಮ್ಮ ಪಿಎಫ್ ಪಾಲು 1,800, ಕರ್ನಾಟಕದ ವೃತ್ತಿ ತೆರಿಗೆ 200 ಹೋದರೆ 45,000. ಇದು ನೆಟ್, ಟೇಕ್ ಹೋಮ್. ಈ ಮಟ್ಟದಲ್ಲಿ, ಬೇರೆ ಆದಾಯವಿಲ್ಲದಿದ್ದರೆ, ಹೊಸ ಪದ್ಧತಿಯಲ್ಲಿ ಆದಾಯ ತೆರಿಗೆ ಬೀಳುವುದಿಲ್ಲ.

ಸಿಟಿಸಿಯೊಳಗೆ 'ವೇರಿಯಬಲ್ ಪೇ' ಇದ್ದರೆ ಅದು ತಿಂಗಳು ತಿಂಗಳು ಬರುವುದಿಲ್ಲ, ಬರುತ್ತದೆಂಬ ಖಾತ್ರಿಯೂ ಇಲ್ಲ. ಅದನ್ನೂ ಹನ್ನೆರಡರಿಂದ ಭಾಗಿಸಿ ಮನೆ ಸಾಲದ ಕಂತು ಲೆಕ್ಕ ಹಾಕಿದವರು ಮೂರನೇ ತಿಂಗಳಿಗೇ ಪೇಚಿಗೆ ಸಿಕ್ಕುತ್ತಾರೆ. ಸಾಲದ ಅರ್ಜಿಯಲ್ಲಿ ಗ್ರಾಸ್ ಕೇಳಿದ ಕಡೆ ನೆಟ್ ಬರೆದರೆ ಅರ್ಹತೆ ಕಡಿಮೆ ಕಾಣುತ್ತದೆ. ನೆಟ್ ಕೇಳಿದ ಕಡೆ ಸಿಟಿಸಿ ಬರೆದರೆ ಪೇಸ್ಲಿಪ್ ನೋಡುವಾಗ ಸುಳ್ಳು ಹೇಳಿದಂತಾಗುತ್ತದೆ.

## ಸ್ಟೈಪೆಂಡ್, ಆನರೇರಿಯಂ, ಫೀ

ಸ್ಟೈಪೆಂಡ್ ಮೂಲದಲ್ಲಿ ರೋಮನ್ ಸೈನಿಕರ ಸಂಬಳವೇ. ಈಗ ಕಲಿಯುವವರ ಖರ್ಚಿಗೆ ಕೊಡುವ ಹಣ. ಅಪ್ರೆಂಟಿಸ್ ಕಾಯ್ದೆಯಡಿ ಕಲಿಯುವವರು ಕಾನೂನಿನ ಕಣ್ಣಲ್ಲಿ ಕಾರ್ಮಿಕರಲ್ಲ, ಟ್ರೈನಿಗಳು. ಬಾಯಲ್ಲಿ 'ಟ್ರೈನಿ' ಎಂದು ಕರೆದು ಅಪ್ರೆಂಟಿಸ್ ಒಪ್ಪಂದ ಇಲ್ಲದೆ ಎಲ್ಲರಂತೆ ದುಡಿಸಿಕೊಂಡರೆ ಕಥೆ ಬೇರೆ. ಅಂಥ ಕಡೆ ನೋಡಬೇಕಾದ್ದು ಪದವನ್ನಲ್ಲ, ಒಪ್ಪಂದವನ್ನು ಮತ್ತು ಮಾಡಿಸುತ್ತಿರುವ ಕೆಲಸವನ್ನು.

ಫೀ ಅಂದರೆ ವೃತ್ತಿಪರರ ಸೇವೆಗೆ ಕೊಡುವ ಹಣ. 'ಕನ್ಸಲ್ಟೆಂಟ್' ಎಂದು ಸೇರಿಸಿಕೊಂಡು ಶೇ 10 ಟಿಡಿಎಸ್ (ಕೊಡುವಾಗಲೇ ಕಡಿಯುವ ತೆರಿಗೆ) ಹಿಡಿದು ಉಳಿದದ್ದು ಕೊಟ್ಟರೆ ಅದು ಫೀ, ಸಂಬಳವಲ್ಲ. ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಸಂಬಳದಾರರ ತೆರಿಗೆ ಪ್ರಮಾಣಪತ್ರ ಇಲ್ಲ, ಅವರಿಗೆ ತೆರಿಗೆ ಲೆಕ್ಕದಲ್ಲಿ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ ಕೂಡ ಇಲ್ಲ. ತಿಂಗಳಿಗೆ 40,000 ಫೀ ಮತ್ತು 40,000 ಸಂಬಳ ಒಂದೇ ಎಂದುಕೊಂಡು ಕೆಲಸ ಬದಲಿಸುವವರು ಇದನ್ನು ಗಮನಿಸುವುದು ಒಳ್ಳೆಯದು.

ನಮ್ಮಲ್ಲಿ ಹೆಚ್ಚು ಜಗಳ ಕಂಡಿರುವ ಪದ ಆನರೇರಿಯಂ, ಗೌರವಧನ. ಮೂಲ ಅರ್ಥ, ದುಡ್ಡಿಗಾಗಿ ಮಾಡದ ಕೆಲಸಕ್ಕೆ ಮರ್ಯಾದೆಯಿಂದ ಕೊಡುವ ಕಾಣಿಕೆ. ಸಭೆಗೆ ಬಂದು ಭಾಷಣ ಮಾಡಿದವರಿಗೆ ಶಾಲು, ಹಣ್ಣಿನ ಬುಟ್ಟಿಯ ಜೊತೆ ಕೊಡುವ ಕವರು. ಆದರೆ ಅಂಗನವಾಡಿ ಕಾರ್ಯಕರ್ತೆಯರಿಗೆ, ಆಶಾ ಕಾರ್ಯಕರ್ತೆಯರಿಗೆ, ಬಿಸಿಯೂಟದ ಅಡುಗೆಯವರಿಗೆ ತಿಂಗಳು ತಿಂಗಳು ಬರುವುದಕ್ಕೂ ಅದೇ ಹೆಸರು. ಹೆಸರು ಗೌರವಧನವಾದ್ದರಿಂದ ಅದು ವೇಜಸ್ ಅಲ್ಲ, ಹಾಗಾಗಿ ಗ್ರಾಚ್ಯುಟಿ ಇಲ್ಲ ಎಂಬ ವಾದ ಬಹಳ ವರ್ಷ ನಡೆಯಿತು. 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್ ಗುಜರಾತಿನ ಅಂಗನವಾಡಿ ಕಾರ್ಯಕರ್ತೆಯರ ಪ್ರಕರಣದಲ್ಲಿ ಇದನ್ನು ಒಪ್ಪಲಿಲ್ಲ. ಗೌರವಧನ ಎಂದು ಕರೆದರೂ ಅದು 1972ರ ಗ್ರಾಚ್ಯುಟಿ ಕಾಯ್ದೆಯ ವೇಜಸ್ ವ್ಯಾಖ್ಯೆಯೊಳಗೆ ಬರುತ್ತದೆ, ಅವರು ಗ್ರಾಚ್ಯುಟಿಗೆ ಅರ್ಹರು ಎಂದಿತು. ಹಾಗೆಂದು ಅವರು ಸರ್ಕಾರಿ ನೌಕರರಾಗಲಿಲ್ಲ. ಅಂಗನವಾಡಿ ಹುದ್ದೆ ಸಿವಿಲ್ ಹುದ್ದೆಯಲ್ಲ ಎಂದು ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಅದೇ ನ್ಯಾಯಾಲಯ 2006ರಲ್ಲಿ ಹೇಳಿತ್ತು. ಕಾಯಂ ನೌಕರಿಯ ಬೇಡಿಕೆ, ಗ್ರಾಚ್ಯುಟಿಯ ಹಕ್ಕು ಎರಡು ಬೇರೆ ದಾರಿಗಳು.

## ಇನ್‌ಕಮ್: ಒಳಗೆ ಬಂದದ್ದೆಲ್ಲ ಅಲ್ಲ

ಇನ್‌ಕಮ್ ಅಂದರೆ 'ಒಳಬಂದದ್ದು'. ತಮಿಳಿನ 'ವರುಮಾನಂ' ಕೂಡ 'ವರು', ಅಂದರೆ ಬರು ಎಂಬುದರಿಂದಲೇ ಬಂದದ್ದು. ನಮ್ಮ 'ವರಮಾನ' ಅದರ ಜೊತೆಗಾರ. ಸಂಬಳ ಇನ್‌ಕಮ್‌ನ ಒಂದು ಬಗೆ ಅಷ್ಟೇ. ಬಾಡಿಗೆ, ಬಡ್ಡಿ, ವ್ಯಾಪಾರದ ಲಾಭ, ಸೈಟು ಮಾರಿದ ಲಾಭ ಎಲ್ಲವೂ ಇನ್‌ಕಮ್. ಸಾಲ ಇನ್‌ಕಮ್ ಅಲ್ಲ, ತೀರಿಸಬೇಕಾದ್ದು.

ಹೆಚ್ಚು ತಪ್ಪಾಗುವುದು ಇನ್‌ಕಮ್ ಮತ್ತು ಟರ್ನ್‌ಓವರ್ ನಡುವೆ. ಟೀ ಅಂಗಡಿಯೊಂದರ ದಿನದ ವ್ಯಾಪಾರ 4,000. ಹಾಲು, ಸಕ್ಕರೆ, ಟೀಪುಡಿ, ಗ್ಯಾಸು, ಬಾಡಿಗೆ, ಹುಡುಗನ ಕೂಲಿ ಸೇರಿ 2,900. ಉಳಿದ 1,100 ಇನ್‌ಕಮ್. ವರ್ಷಕ್ಕೆ ವಹಿವಾಟು 14.6 ಲಕ್ಷ, ಆದಾಯ 4 ಲಕ್ಷದ ಆಸುಪಾಸು. 2025ರ ಜುಲೈನಲ್ಲಿ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಜಮೆಯ ಆಧಾರದ ಮೇಲೆ ಜಿಎಸ್‌ಟಿ ನೋಟಿಸು ಬಂದಾಗ 'ನಮಗೆಲ್ಲಿ ಅಷ್ಟು ಆದಾಯ?' ಎಂಬ ಮಾತು ಎಲ್ಲೆಡೆ ಕೇಳಿತು. ಜಿಎಸ್‌ಟಿ ನೋಂದಣಿ ನೋಡುವುದು ಆದಾಯವನ್ನಲ್ಲ, ವಹಿವಾಟನ್ನು: ನಮ್ಮ ರಾಜ್ಯದಲ್ಲಿ ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ಮಿತಿ. ಆದಾಯ ತೆರಿಗೆ ನೋಡುವುದು ಉಳಿದದ್ದನ್ನು.

ಮೀಸಲಾತಿಯ ಪ್ರಮಾಣಪತ್ರಗಳಲ್ಲೂ 'ಇನ್‌ಕಮ್' ಒಂದೇ ಅಲ್ಲ. ಕೇಂದ್ರದ ಆರ್ಥಿಕ ದುರ್ಬಲ ವರ್ಗದ ಪ್ರಮಾಣಪತ್ರಕ್ಕೆ ಕುಟುಂಬದ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಇರಬೇಕು, ಅದರಲ್ಲಿ ಸಂಬಳ, ಕೃಷಿ, ವ್ಯಾಪಾರ, ವೃತ್ತಿ ಎಲ್ಲವೂ ಸೇರುತ್ತದೆ. ಕೇಂದ್ರದ ಒಬಿಸಿ ಕೆನೆಪದರಕ್ಕೂ (ಹಿಂದುಳಿದ ವರ್ಗದಲ್ಲಿ ಮೀಸಲಾತಿ ಸಿಗದ ಅನುಕೂಲವಂತರು) 8 ಲಕ್ಷವೇ ಗೆರೆ. ಆದರೆ 1993ರ ಆದೇಶದ ಪ್ರಕಾರ ಸಂಬಳವನ್ನೂ ಕೃಷಿ ಆದಾಯವನ್ನೂ ಇತರ ಆದಾಯದ ಜೊತೆ ಕೂಡಿಸುವಂತಿಲ್ಲ, ಅಪ್ಪ ಅಮ್ಮನ ಹುದ್ದೆಯ ದರ್ಜೆಗೆ ಬೇರೆ ಪರೀಕ್ಷೆ ಇದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ಆರ್ಥಿಕ ದುರ್ಬಲ ವರ್ಗದ ಅರ್ಜಿಯಲ್ಲಿ ಅದನ್ನು ಬಿಟ್ಟರೆ ತಪ್ಪು ಮಾಹಿತಿ ಕೊಟ್ಟಂತೆ.

## ಎಷ್ಟು ಕೊಟ್ಟರೆ ಸಾಕು?

ಮಿನಿಮಮ್ ವೇಜ್ ಅಂದರೆ ಇದಕ್ಕಿಂತ ಕೆಳಗೆ ಇಳಿಯುವಂತಿಲ್ಲ ಎಂಬ ನೆಲ. ಲಿವಿಂಗ್ ವೇಜ್ ಅಂದರೆ ಮರ್ಯಾದೆಯಿಂದ ಬದುಕಲು ಬೇಕಾದಷ್ಟು. ಸಂವಿಧಾನದ 43ನೇ ವಿಧಿ ಗುರಿಯಾಗಿ ಇಟ್ಟಿರುವುದು ಇದನ್ನು. ನಡುವೆ ಫೇರ್ ವೇಜ್. 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ಕೂಲಿಗೂ ಒಂದು ಅಳತೆ ಹಾಕಿತು: ಒಬ್ಬರ ದುಡಿಮೆಯಲ್ಲಿ ಮೂರು ಯೂನಿಟ್ಟಿನ ಸಂಸಾರ (ಬಳಕೆಯ ಲೆಕ್ಕ, ಮಕ್ಕಳನ್ನು ಒಂದಕ್ಕಿಂತ ಕಡಿಮೆ ಎಣಿಸುತ್ತಾರೆ), ದೊಡ್ಡವರೊಬ್ಬರಿಗೆ 2,700 ಕ್ಯಾಲರಿ, ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ; ಜೊತೆಗೆ ಸೌದೆ, ದೀಪ ಮತ್ತಿತರ ಖರ್ಚಿಗೆ ಒಟ್ಟಿನ ಶೇ 20. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದು ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ, ದೆಹಲಿಯ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ ಹೇಳಿತು.

## ಬಡವ, ನಿರ್ಗತಿಕ, ಇಂಡಿಜೆಂಟ್

ಬಡತನದ ಪದಗಳಿಗೂ ಮೆಟ್ಟಿಲುಗಳಿವೆ. 'ಪೂರ್' ಎಲ್ಲಕ್ಕೂ ಹೊದಿಕೆ. 'ನೀಡಿ' ಅಂದರೆ ಸದ್ಯಕ್ಕೆ ಕೈ ಚಾಚಬೇಕಾದವರು. 'ಡೆಸ್ಟಿಟ್ಯೂಟ್' ಲ್ಯಾಟಿನ್ನಿನ ಕೈಬಿಡುವುದು ಎಂಬ ಪದದಿಂದ ಬಂದದ್ದು. ನಮ್ಮ 'ನಿರ್ಗತಿಕ' ಇದಕ್ಕೆ ಅಚ್ಚುಕಟ್ಟಾಗಿ ಕೂರುತ್ತದೆ, ಏಕೆಂದರೆ ಗತಿ ಇಲ್ಲದವರು ಅಂದರೆ ಹಣವೂ ಇಲ್ಲ, ನೋಡಿಕೊಳ್ಳುವವರೂ ಇಲ್ಲ. 1995ರ ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿ ಯೋಜನೆ ಬೇಡಿದ್ದು ಈ ನಿರ್ಗತಿಕತೆಯನ್ನು. 2007ರಲ್ಲಿ ಅದು ಇಂದಿರಾ ಗಾಂಧಿ ಹೆಸರಿನ ಯೋಜನೆಯಾದಾಗ ಮಾನದಂಡ ಬಿಪಿಎಲ್‌ಗೆ ಬದಲಾಯಿತು. ಒಂದು ಪದ ಹೋಗಿ ಇನ್ನೊಂದು ಬಂದದ್ದರಿಂದ ಮಕ್ಕಳಿರುವ ಬಡ ಮುದುಕರಿಗೂ ಬಾಗಿಲು ತೆರೆಯಿತು.

ಬಿಪಿಎಲ್ ಎಂಬುದೇ ಎರಡು ಅರ್ಥದ ಪದ. ಯೋಜನಾ ಆಯೋಗದ ಬಡತನ ರೇಖೆ ಅಳೆದದ್ದು ಆದಾಯವನ್ನಲ್ಲ, ಮನೆಯ ಖರ್ಚನ್ನು. ತೆಂಡೂಲ್ಕರ್ ಸಮಿತಿಯ ವಿಧಾನದಲ್ಲಿ 2011-12ರ ಬೆಲೆಗೆ ತಲೆಗೆ ತಿಂಗಳಿಗೆ ಹಳ್ಳಿಯಲ್ಲಿ 816, ನಗರದಲ್ಲಿ 1,000 ರೂಪಾಯಿ. ರಂಗರಾಜನ್ ಸಮಿತಿ 2014ರಲ್ಲಿ ಅದನ್ನು 972 ಮತ್ತು 1,407ಕ್ಕೆ ಏರಿಸಿತು. ಇದು ದೇಶದಲ್ಲಿ ಎಷ್ಟು ಬಡವರಿದ್ದಾರೆ ಎಂದು ಎಣಿಸುವ ಸಾಧನ. ನಿಮ್ಮ ಕಪಾಟಿನಲ್ಲಿರುವ ಬಿಪಿಎಲ್ ಕಾರ್ಡು ಬೇರೆ. ಕರ್ನಾಟಕದಲ್ಲಿ ಅದಕ್ಕೆ ವಾರ್ಷಿಕ ಆದಾಯ 1.2 ಲಕ್ಷದ ಮಿತಿ, ಜೊತೆಗೆ ಜಮೀನು, ಮನೆ, ಕಾರಿನ ಷರತ್ತುಗಳು. 2013ರ ಆಹಾರ ಭದ್ರತಾ ಕಾಯ್ದೆ ಪಡಿತರ ಹಂಚುವುದು ಬಿಪಿಎಲ್ ಹೆಸರಿನಲ್ಲಲ್ಲ; 'ಆದ್ಯತಾ ಕುಟುಂಬ'ಕ್ಕೆ ತಲೆಗೆ 5 ಕಿಲೊ, ಅಂತ್ಯೋದಯ ಕುಟುಂಬಕ್ಕೆ 35 ಕಿಲೊ. ಜನ ಮಾತ್ರ ಹಳೆಯ ಹೆಸರನ್ನು ಬಿಟ್ಟಿಲ್ಲ.

ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕ ರೂಪಾಯಿಯನ್ನೇ ನೋಡುವುದಿಲ್ಲ. ಆರೋಗ್ಯ, ಶಿಕ್ಷಣ, ಜೀವನಮಟ್ಟದ 12 ಸೂಚಕಗಳಲ್ಲಿ ಮೂರನೇ ಒಂದು ಭಾಗದಷ್ಟು ಕೊರತೆ ಇದ್ದರೆ ಆ ಮನೆ ಬಡ ಮನೆ. ಇಂಗ್ಲಿಷಿನಲ್ಲಿ ಇದಕ್ಕೆ ಸರಿಹೊಂದುವುದು 'ಡಿಪ್ರೈವ್ಡ್', ಅಂದರೆ ವಂಚಿತರು. ಬ್ರಿಟನ್ನಿನ 'ರೆಲೆಟಿವ್ ಪಾವರ್ಟಿ' ಇನ್ನೊಂದು ರೀತಿ: ದೇಶದ ಕುಟುಂಬಗಳನ್ನು ಆದಾಯದ ಸಾಲಿನಲ್ಲಿ ನಿಲ್ಲಿಸಿ, ನಟ್ಟನಡುವಿನವರ ಆದಾಯದ ಶೇ 60ಕ್ಕಿಂತ ಕೆಳಗಿದ್ದರೆ ಬಡವರು. ಅಲ್ಲಿಯ ಬಡವರು ಮತ್ತು ಇಲ್ಲಿಯ ಬಡವರನ್ನು ಶೇಕಡಾವಾರು ಹೋಲಿಸುವ ಸುದ್ದಿಗಳು ಈ ವ್ಯತ್ಯಾಸವನ್ನು ಹೇಳದೇ ಬಿಟ್ಟಿರುತ್ತವೆ.

ಕೊನೆಗೆ ಕೋರ್ಟಿನ ಪದ. 'ಪಾಪರ್' ಎಂದರೆ ಇಂಗ್ಲೆಂಡಿನಲ್ಲಿ ಸರ್ಕಾರದ ಬಡವರ ನಿಧಿಯಿಂದ ಹೊಟ್ಟೆ ಹೊರೆಯುವವರು. ಅದರ ಜೊತೆ ಅವಮಾನವೂ ಅಂಟಿಕೊಂಡಿತ್ತು. 1918ರವರೆಗೆ ಅಂಥವರಿಗೆ ಅಲ್ಲಿ ಮತದ ಹಕ್ಕೂ ಇರಲಿಲ್ಲ. ಕೋರ್ಟ್ ಶುಲ್ಕ ಮೊದಲೇ ಕಟ್ಟದೆ ದಾವೆ ಹೂಡಲು ಬಿಡುವ, ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶದಲ್ಲಿದ್ದ 'ಪಾಪರ್' 1976ರ ತಿದ್ದುಪಡಿಯಲ್ಲಿ 'ಇಂಡಿಜೆಂಟ್ ಪರ್ಸನ್' ಆಯಿತು. ಇದಕ್ಕೂ ಮೂಲನಿವಾಸಿ ಎಂಬ ಅರ್ಥದ 'ಇಂಡಿಜಿನಸ್' ಪದಕ್ಕೂ ಸಂಬಂಧವಿಲ್ಲ.

ಇಂಡಿಜೆಂಟ್ ಆಗಲು ಬಿಪಿಎಲ್ ಕಾರ್ಡು ಬೇಕಿಲ್ಲ. ದಾವೆಗೆ ಕಟ್ಟಬೇಕಾದ ಕೋರ್ಟ್ ಶುಲ್ಕ ಭರಿಸುವ ಶಕ್ತಿ ಇಲ್ಲದಿದ್ದರೆ ಸಾಕು. ಕೋಟಿ ಬೆಲೆಯ ಆಸ್ತಿಗೆ ದಾವೆ ಹೂಡುವವರ ಶುಲ್ಕವೂ ದೊಡ್ಡದು, ಹಾಗಾಗಿ ಸಾಧಾರಣ ಬದುಕಿನವರೂ ಇದರೊಳಗೆ ಬರಬಹುದು. ಅರ್ಜಿಯ ಜೊತೆ ತಮ್ಮ ಸ್ಥಿರ, ಚರ ಆಸ್ತಿಯ ಪಟ್ಟಿಯನ್ನು ಅಂದಾಜು ಬೆಲೆಯೊಂದಿಗೆ ಕೊಡಬೇಕು, ಸಾಮಾನ್ಯವಾಗಿ ಖುದ್ದು ಹಾಜರಾಗಬೇಕು. ಅರ್ಜಿಗೆ ಮುಂಚಿನ ಎರಡು ತಿಂಗಳಲ್ಲಿ ಬಡವರೆನಿಸಿಕೊಳ್ಳಲೆಂದೇ ಆಸ್ತಿ ಪರಭಾರೆ ಮಾಡಿದ್ದು ಕಂಡರೆ ಅರ್ಜಿ ವಜಾ. ಶುಲ್ಕ ಮಾಫಿ ಎಂದು ಇದನ್ನು ಹೇಳುವುದೂ ಸರಿಯಲ್ಲ: ದಾವೆ ಗೆದ್ದರೆ ಕಟ್ಟಬೇಕಿದ್ದ ಶುಲ್ಕವನ್ನು ಲೆಕ್ಕ ಹಾಕಿ ಸರ್ಕಾರ ವಸೂಲು ಮಾಡುತ್ತದೆ, ಆ ದಾವೆಯ ಆಸ್ತಿಯ ಮೇಲೆ ಅದರದ್ದೇ ಮೊದಲ ಹಕ್ಕು.